ಮೊಟ್ಟೆಯ ವಿಷಯ

ತುಮಕೂರಿನ ಉಪ್ಪಾರಹಳ್ಳಿಯ ಆ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ತೀರಾ ಹೇಳಲೇಬೇಕಾಗಿ ಬಂದರೆ ಸರ್ವಮಂಗಳಮ್ಮನವರು ‘ಕೋಳೀದು’ ಎನ್ನುತ್ತಿದ್ದರು, ಅದನ್ನೂ ಸೆರಗನ್ನು ಮೂಗಿನ ಹತ್ತಿರ ಹಿಡಿದೇ. ಮಗ ಚನ್ನೇಶನ ಹುಟ್ಟುಹಬ್ಬಕ್ಕೆ ತಂದ ಕೇಕಿನ ಡಬ್ಬಿಯ ಮೇಲೆ ಎಗ್‌ಲೆಸ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಅವರಿಗೆ ಸಮಾಧಾನವಿಲ್ಲ. ಬೇಕರಿಯವನಿಗೆ ಫೋನು ಮಾಡಿ ಅವನ ಬಾಯಿಂದಲೇ ಕೇಳಬೇಕು. ಅವನು ಆಣೆ ಇಟ್ಟು ಹೇಳಿದ ಮೇಲೂ ಅವರು ತಿನ್ನುತ್ತಿದ್ದದ್ದು ಮೇಲಿನ ಚೆರ್ರಿಯನ್ನು ಮಾತ್ರ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮುಗಿಸುವವರೆಗೆ ಕಾಫಿಯನ್ನೂ ಮುಟ್ಟದ ಹೆಂಗಸು. ಗಂಡ ಮಹಾದೇವಯ್ಯನವರು ತೀರಿಕೊಂಡ ದಿನ ಕೂಡ ಪೂಜೆ ತಪ್ಪಲಿಲ್ಲ ಎಂದು ನೆಂಟರು ಈಗಲೂ ಹೇಳುತ್ತಾರೆ.

ಅಂಥ ಮನೆಯ ಸೊಸೆ ದೀಪಿಕಾಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಬೇಕಾಗಿ ಬಂದದ್ದು ಒಂದು ಮೊಟ್ಟೆ. ಅದೂ ಇನ್ನೊಬ್ಬಳದು.

ಮದುವೆಯಾಗಿ ಹದಿಮೂರು ವರ್ಷ. ಸುತ್ತದ ಆಸ್ಪತ್ರೆ ಇಲ್ಲ. ಕೊನೆಗೆ ತುಮಕೂರಿನಲ್ಲೇ, ಬಿ.ಎಚ್. ರಸ್ತೆಯ ಒಂದು ಕ್ಲಿನಿಕ್ಕಿನ ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದ್ದರು. ಗರ್ಭಕೋಶ ಗಟ್ಟಿಮುಟ್ಟಾಗಿದೆ, ಚನ್ನೇಶನಲ್ಲಿ ತೊಂದರೆಯಿಲ್ಲ, ಆದರೆ ಅಂಡಾಣುಗಳು ಮುಗಿದಿವೆ. ದಾನಿಯಿಂದ ಪಡೆದರೆ ದೀಪಿಕಾಳೇ ಹೊತ್ತು ಹೆರಬಹುದು. ದಾನಿ ಯಾರೆಂದು ಇವರಿಗೆ ತಿಳಿಸುವುದಿಲ್ಲ, ಇವರು ಯಾರೆಂದು ಅವಳಿಗೂ ತಿಳಿಯುವುದಿಲ್ಲ, ಅದು ಕಾನೂನು. ಇವರಿಗೆ ಸಿಕ್ಕಿದ್ದು ಒಂದು ಹಾಳೆ: ವಯಸ್ಸು ಇಪ್ಪತ್ತಾರು, ಎತ್ತರ ಇಷ್ಟು, ರಕ್ತದ ಗುಂಪು ಬಿ ಪಾಸಿಟಿವ್, ಒಂದು ಮಗುವಿನ ತಾಯಿ.

ಚನ್ನೇಶ ಗುಬ್ಬಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನು. ಅವನಿಗೆ ಇದರಲ್ಲಿ ಮುಜುಗರ ಪಡುವಂಥದ್ದು ಏನೂ ಕಾಣಲಿಲ್ಲ. ಅಮ್ಮನಿಗೆ ಹೇಳಿಬಿಡೋಣ ಎಂದ. ದೀಪಿಕಾ ಒಪ್ಪಲಿಲ್ಲ. ಅವಳ ಕಿವಿಯಲ್ಲಿ ಒಂದು ಹಳೆಯ ಮಾತು ಕೂತಿತ್ತು. ನಾಲ್ಕು ವರ್ಷದ ಹಿಂದೆ ಕೋರದಲ್ಲಿರುವ ನೆಂಟ ಕಾಂತೇಶ ಒಂದು ಹೆಣ್ಣು ಕೂಸನ್ನು ದತ್ತು ತಂದು ನಾಮಕರಣ ಮಾಡಿದ್ದ. ಸರ್ವಮಂಗಳಮ್ಮ ಹೋಗಿ, ಎರಡು ಹೋಳಿಗೆ ಉಂಡು, ಕೂಸಿನ ಕೈಗೆ ಬೆಳ್ಳಿ ಬಳೆ ತೊಡಿಸಿ, ಮನೆಗೆ ಬಂದು ಸೀರೆ ಮಡಿಚುತ್ತಾ, ಯಾರ ರಕ್ತವೋ ಏನೋ, ನಾಳೆ ದೊಡ್ಡದಾದ ಮೇಲೆ ಹೇಗೋ ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹವಾಮಾನದ ಬಗ್ಗೆ ಅನ್ನುವ ಹಾಗೆ ಅಂದದ್ದು. ದೀಪಿಕಾಗೆ ಅದೇ ಹೆಚ್ಚು ಹೆದರಿಕೆ ತಂದದ್ದು.

“ನಿಮ್ಮಮ್ಮ ಕೆಟ್ಟೋರಲ್ಲ ಅಂತ ನಂಗೂ ಗೊತ್ತು,” ಎಂದಿದ್ದಳು ಗಂಡನಿಗೆ. “ಮಗೂನ ಎತ್ಕೊಂಡಾಗ ಒಂದೇ ಒಂದು ಸಲ ಅದರ ಮುಖದಲ್ಲಿ ಯಾರನ್ನೋ ಹುಡುಕಿದ್ರೂ ನಾನು ತಡ್ಕೊಳಲ್ಲ. ಹೇಳ್ಬೇಡಿ.”

ಅವನು ಹೇಳಲಿಲ್ಲ. ಅತ್ತೆಗೆ ಗೊತ್ತಿದ್ದದ್ದು ಇಷ್ಟೇ: ಸೊಸೆಗೆ ದೊಡ್ಡ ಟ್ರೀಟ್‌ಮೆಂಟ್ ನಡೆಯುತ್ತಿದೆ, ಪಿಂಡವನ್ನು ಹೊರಗೆ ಬೆಳೆಸಿ ಒಳಗೆ ಬಿಡುತ್ತಾರೆ, ಅದು ಅಂಟಿಕೊಳ್ಳಲು ಔಷಧಿ ಕೊಡುತ್ತಾರೆ. ಅಷ್ಟು ತಿಳಿದದ್ದೇ ತಡ, ಔಷಧಿಯ ಖಾತೆಯನ್ನು ಅವರು ಯಾರ ಅಪ್ಪಣೆಯನ್ನೂ ಕೇಳದೆ ವಹಿಸಿಕೊಂಡರು. ಗರ್ಭಕೋಶದ ಪದರ ದಪ್ಪವಾಗಲು ದಿನಕ್ಕೆ ಮೂರು ಮಾತ್ರೆ. ರಕ್ತ ಸರಾಗ ಹರಿಯಲು ಒಂದು ಪುಟಾಣಿ ಮಾತ್ರೆ. ಸಂಜೆ ಏಳಕ್ಕೆ ಸೊಂಟದ ಕೆಳಗೆ ಒಂದು ಎಣ್ಣೆ ಇಂಜೆಕ್ಷನ್ನು. ಮಾತ್ರೆಯ ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ. ಬಿಳೀದು, ಹಳದೀದು, ಕಡ್ಲೆಬೇಳೆಯಂಥದು ಎಂದು ತಾವೇ ಹೆಸರಿಟ್ಟರು. ಡಾಕ್ಟರಮ್ಮನ ‘ಅಂಟಿಕೊಳ್ಳಬೇಕು’ ಎಂಬ ಮಾತೂ ಅವರಿಗೆ ರುಚಿಸಲಿಲ್ಲ. ಹೂವು ಉದುರದೆ ಹೀಚು ನಿಂತರೆ ಕಚ್ಚಿತು ಅನ್ನುತ್ತಾರಲ್ಲ, ಅವರು ಅದನ್ನೇ ಅನ್ನುತ್ತಿದ್ದರು. ಕಚ್ಚಿದರೆ ಸಾಕು ಶಿವನೇ ಎಂದು ಪೂಜೆಯ ಕೊನೆಗೆ ಕೇಳಿಸುವ ಹಾಗೆಯೇ ಬೇಡುತ್ತಿದ್ದರು.

ಇಂಜೆಕ್ಷನ್ನು ಕೊಡಲು ಎರಡು ಬೀದಿಯಾಚೆಯ ವನಜಾಕ್ಷಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದವಳು, ಸೂಜಿ ಚುಚ್ಚುವಾಗ ತನ್ನ ಗಂಡ ಗಂಗರಾಜುವನ್ನು ಬೈಯಲು ಶುರುಮಾಡಿ, ಬೈಗುಳ ಮುಗಿಯುವುದರೊಳಗೆ ಕೆಲಸ ಮುಗಿಸಿಬಿಡುವವಳು. ಎಣ್ಣೆಯ ಮದ್ದು ಗಂಟು ಕಟ್ಟಿ ನೋಯುತ್ತಿತ್ತು. ಅವಳು ಅತ್ತ ಹೋದ ಕೂಡಲೆ ಅತ್ತೆ ಇತ್ತ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕೆಂಪಾದ ಜಾಗಕ್ಕೆ ಶಾಖ ಕೊಡುತ್ತಿದ್ದರು. ಆಗ ದೀಪಿಕಾ ದಿಂಬಿಗೆ ಮುಖ ಒತ್ತಿಕೊಂಡು ಮಲಗಿರುತ್ತಿದ್ದಳು. ನೋವಿಗಲ್ಲ. ಇಷ್ಟು ಮಾಡುವವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು.

ಪಿಂಡವನ್ನು ಬಿಡುವ ವಾರ ಇನ್ನೊಂದು ಔಷಧಿ ಬಂತು. ಹಾಲಿನಂತೆ ಬೆಳ್ಳಗಿದ್ದ ಡ್ರಿಪ್ಪು. ಮೈಯ ರಕ್ಷಣಾಶಕ್ತಿ ಪಿಂಡವನ್ನು ಹೊರಗಿನದೆಂದು ತಳ್ಳದಿರಲಿ ಎಂದು ಕೆಲವರು ಇದನ್ನು ಕೊಡುತ್ತಾರೆ, ಉಪಯೋಗವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇನ್ನೂ ಇಲ್ಲ, ನಾನು ಒತ್ತಾಯ ಮಾಡುವುದಿಲ್ಲ ಎಂದರು ಡಾಕ್ಟರಮ್ಮ. ಹೊರಗಿನದು ಎಂಬ ಒಂದೇ ಪದಕ್ಕೆ ದೀಪಿಕಾ ಕೊಡಿ ಎಂದುಬಿಟ್ಟಳು. ತನ್ನ ಮೈಯೂ ಹಾಗೆ ಅಂದುಕೊಂಡುಬಿಟ್ಟರೆ ಎಂಬ ಭಯ ಅವಳಿಗೆ. ಸೂಜಿ ಹಾಕುವ ಮುಂಚೆ ಕ್ಲಿನಿಕ್ಕಿನ ಹುಡುಗಿ ಫಾರಂ ಹಿಡಿದು, ಮೊಟ್ಟೆ ಅಲರ್ಜಿ ಇದೆಯಾ ಮೇಡಂ ಎಂದು ಕೇಳಿದಳು. ತಿಂದಿದ್ದರೆ ತಾನೇ ಗೊತ್ತಾಗುವುದು ಎಂದು ದೀಪಿಕಾ ನಕ್ಕಳು. ಆ ಹುಡುಗಿ ನಗಲಿಲ್ಲ. ಇದರಲ್ಲಿ ಸೋಯಾ ಎಣ್ಣೆಯ ಜೊತೆ ಕೋಳಿಮೊಟ್ಟೆಯ ಹಳದಿಯಿಂದ ತೆಗೆದ ಕೊಬ್ಬೂ ಇರುತ್ತದೆ ಎಂದಳು. ಎರಡು ಗಂಟೆ ಹೊತ್ತು ಅದು ಹನಿಹನಿಯಾಗಿ ನರದೊಳಗೆ ಇಳಿಯುವುದನ್ನು ದೀಪಿಕಾ ನೋಡುತ್ತಾ ಮಲಗಿದಳು. ಬಾಯಿಗೆ ಬಾರದ್ದು ನೇರ ರಕ್ತಕ್ಕೇ ಹೋಯಿತು. ಮನೆಗೆ ಬಂದು ಅತ್ತೆಯ ಎದುರು ಊಟಕ್ಕೆ ಕೂತು, ಬಡಿಸಿದ್ದನ್ನು ತಲೆಯೆತ್ತದೆ ಉಂಡೆದ್ದಳು.

ಸೋಮವಾರ ಪಿಂಡವನ್ನು ಬಿಟ್ಟರು. ಹನ್ನೆರಡು ದಿನ ಕಾದು ರಕ್ತ ಪರೀಕ್ಷೆ. ಬುಧವಾರ ಕುಣಿಗಲ್ ಕಡೆಯಿಂದ ದೀಪಿಕಾಳ ಅಕ್ಕ ಫೋನು ಮಾಡಿದಳು. ಅವಳನ್ನು ಕೊಟ್ಟಿರುವುದು ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ. ಅಲ್ಲಿ ಸಿಗ್ನಲ್ಲು ಬೆಟ್ಟ ಹತ್ತಿದವರಿಗೆ ಮಾತ್ರ. ಅವಳಿಗೆ ಎಲ್ಲ ಗೊತ್ತಿತ್ತು. ಆದರೆ ಅಂಡಾಣು ಎಂದರೆ ಅವಳಿಗೆ ತಲೆಗೆ ಹೋಗದು, ಎಗ್ ಎಂದರೆ ಫೋನಿನಲ್ಲಿ ಕೇಳಿಸದು. ದೀಪಿಕಾ ಮಹಡಿ ಮೇಲೆ ಹೋಗಿ, ಬಟ್ಟೆ ಒಣಹಾಕುವ ಹಗ್ಗದ ಪಕ್ಕ ನಿಂತು, ಹಗುರ ಮಾಡಿಕೊಳ್ಳುವ ಆಸೆಗೆ ಗಂಟಲೆತ್ತರಿಸಿಯೇ ಹೇಳಿದಳು.

“ಮೊಟ್ಟೆ ಕಣಕ್ಕಾ, ಮೊಟ್ಟೆ ವಿಷಯ. ಅತ್ತೆಗೆ ಇನ್ನೂ ಹೇಳಿಲ್ಲ. ಗೊತ್ತಾದ್ರೆ ನನ್ ಮುಖ ನೋಡ್ತಾರೋ ಇಲ್ವೋ.”

ಫೋನು ಕಟ್ಟಾದ ಮೇಲೆ ತಿರುಗಿ ನೋಡಿದರೆ ಮೆಟ್ಟಿಲ ಬಾಗಿಲು ಅರ್ಧ ತೆರೆದಿತ್ತು. ಗಾಳಿಗೆ ಇರಬೇಕು ಎಂದುಕೊಂಡು ಕೆಳಗಿಳಿದಳು.

ಗಾಳಿಯಲ್ಲ. ಸರ್ವಮಂಗಳಮ್ಮ ಹಪ್ಪಳ ಒಣಗಿದೆಯೋ ನೋಡಲು ಹತ್ತಿದವರು, ಆ ಮಾತು ಕಿವಿಗೆ ಬಿದ್ದು, ಹಪ್ಪಳ ಮರೆತು ಇಳಿದುಹೋಗಿದ್ದರು. ಅವರು ತಮ್ಮ ರೀತಿಯಲ್ಲಿ ಅರ್ಥಮಾಡಿಕೊಂಡರು. ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳಲು ಅವರಿಗೆ ದಾರಿಯಾದರೂ ಎಲ್ಲಿತ್ತು? ಹೆಂಗಸಿನ ಒಡಲಲ್ಲೂ ಮೊಟ್ಟೆಯಿರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಡಾಕ್ಟರು ಮೊಟ್ಟೆ ತಿನ್ನಲು ಹೇಳಿದ್ದಾರೆ, ಈ ಹುಡುಗಿ ನನಗೆ ಹೆದರಿ ತಿನ್ನದೆ ಬಿಟ್ಟಿದೆ. ಅಷ್ಟೇ. ಅಂದು, ಮರುದಿನ, ಅದರ ಮರುದಿನ, ಮೂರು ದಿನ ಅವರು ಪೂಜೆಗೆ ಕೂತರೆ ಏಳುತ್ತಿರಲಿಲ್ಲ. ದೀಪಿಕಾ ಅದನ್ನು ಗಮನಿಸಿದಳು. ತನ್ನ ಸಲುವಾಗಿ ಹೆಚ್ಚು ಬೇಡುತ್ತಿದ್ದಾರೆ ಎಂದುಕೊಂಡಳು. ಅದೂ ಪೂರ್ತಿ ತಪ್ಪಲ್ಲ.

ಶನಿವಾರ ಮಧ್ಯಾಹ್ನ ಚನ್ನೇಶ ಗುಬ್ಬಿಯಿಂದ ಇನ್ನೂ ಬಂದಿರಲಿಲ್ಲ. ದೀಪಿಕಾ ಮಂಚದ ಮೇಲೆ ಒರಗಿ ತಾನು ಪಾಠ ಹೇಳುವ ಶಾಲೆಯ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಹಿತ್ತಲಿನಿಂದ ಎಂಥದೋ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ತಲೆಗೆ ಸ್ನಾನ ಮಾಡಿದ್ದರು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಗೈಯ ಸೆರಗು ಮೂಗಿನ ಮೇಲೆ, ಬಲಗೈಯಲ್ಲಿ ಬಾಳೆ ಎಲೆಯ ತುಂಡು, ಎಲೆಯ ಮೇಲೆ ಬೇಯಿಸಿದ ಒಂದು ಮೊಟ್ಟೆ. ಸಿಪ್ಪೆ ಸುಲಿಯಲು ಬಾರದ ಕೈ. ಅಲ್ಲಲ್ಲಿ ಕಿತ್ತುಹೋಗಿ ಗುಳಿ ಬಿದ್ದಿತ್ತು.

ದೀಪಿಕಾ ಕೆಂಪು ಪೆನ್ನಿನ ಮುಚ್ಚಳ ಹಾಕಿ ಎದ್ದು ಕೂತಳು.

ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಫೋನಿನ ಮಾತು ಕೇಳಿಸಿಕೊಂಡದ್ದು. ವನಜಾಕ್ಷಿಯಿಂದ ಒಂದೇ ಒಂದನ್ನು ಕಾಗದದಲ್ಲಿ ಸುತ್ತಿ ತರಿಸಿಕೊಂಡದ್ದು, ಎಷ್ಟು ಹೊತ್ತು ಬೇಯಬೇಕೆಂದು ಅವಳನ್ನೇ ಕೇಳಿದ್ದು. ಒಲೆ ಹಿತ್ತಲಲ್ಲಿ ಹೂಡಿದ್ದು, ಸೀಗೆಕಾಯಿ ಕುದಿಸುವ ಹಳೇ ಪಾತ್ರೆಯಲ್ಲಿ ಬೇಯಿಸಿದ್ದು, ಅದನ್ನಿನ್ನು ಅಡುಗೆಮನೆಗೆ ತರುವುದಿಲ್ಲ ಎಂಬುದು. ಆಮೇಲೆ ಸೆರಗನ್ನು ಮೂಗಿನಿಂದ ತೆಗೆದು, ಎಲೆಯನ್ನು ಸೊಸೆಯ ಮುಂದಿಟ್ಟರು.

“ಔಷಧಿ ಅಂದ್ಮೇಲೆ ಔಷಧಿ ಕಣಮ್ಮ. ತಿನ್ನು. ನಾಳೆ ಶಿವ ಕೇಳಿದ್ರೆ, ಅವಳಾಗಿ ತಿನ್ನಲಿಲ್ಲ, ನಾನೇ ಕೈಯಾರೆ ಬೇಯಿಸಿ ತಿನ್ನಿಸ್ದೆ ಅಂತೀನಿ. ಪಾಪ ನಂಗಿರ್ಲಿ.”

ತಿಂದುಬಿಟ್ಟರೆ ಮುಗಿಯುತ್ತಿತ್ತು. ದೀಪಿಕಾಗೆ ಅದು ಆ ಕ್ಷಣವೇ ಹೊಳೆಯಿತು. ಎರಡು ತುತ್ತು, ಒಂದು ಲೋಟ ನೀರು. ಮೊಟ್ಟೆಯ ವಿಷಯ ಅಂದರೆ ಇದೇ ಎಂದು ಅತ್ತೆ ನಂಬಿಯಾಗಿದೆ. ಇನ್ನು ಈ ಜನ್ಮದಲ್ಲಿ ಯಾರೂ ಏನೂ ಕೇಳುವುದಿಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಇದಕ್ಕಿಂತ ಸುಲಭದ ದಾರಿ ದೇವರು ಯಾರಿಗೂ ತೋರಿಸಿರಲಾರ. ಅವಳು ಅದನ್ನು ಎತ್ತಿ ಬಾಯಿಯ ಹತ್ತಿರಕ್ಕೂ ತಂದಳು. ಅತ್ತೆ ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸುತ್ತಾ, ಕೊರಳಲ್ಲಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಅದರಲ್ಲಿದ್ದ ಲಿಂಗದ ಎದುರಿಗೆ ಈ ಹೆಂಗಸು ತನಗಾಗಿ ತಪ್ಪೊಪ್ಪಿಕೊಳ್ಳುತ್ತಿದ್ದಾಳೆ. ದೀಪಿಕಾ ಮೊಟ್ಟೆಯನ್ನು ಎಲೆಯ ಮೇಲೆ ಮತ್ತೆ ಇಟ್ಟಳು.

“ಅತ್ತೆ, ಕೂತ್ಕೊಳಿ. ಡಾಕ್ಟ್ರು ತಿನ್ನೋಕೆ ಹೇಳಿಲ್ಲ. ಇದು ಆ ಮೊಟ್ಟೆ ಅಲ್ಲ.”

ಹೇಳುವುದು ಕಷ್ಟವಾಯಿತು, ಆದರೆ ಹೇಳಿದಳು. ಹೆಂಗಸರ ಮೈಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆ ಇರುತ್ತದೆ, ಮಗುವಾಗುವುದು ಅದರಿಂದಲೇ, ತನ್ನವು ಮುಗಿದುಹೋಗಿವೆ, ಬೇರೆ ಯಾವಳೋ ಒಬ್ಬಳದನ್ನು ತೆಗೆದುಕೊಂಡು ಮಾಡಿದ್ದಾರೆ, ಈಗ ಹೊಟ್ಟೆಯಲ್ಲಿ ಬಿಟ್ಟಿರುವುದು ಅದನ್ನೇ. ಡ್ರಿಪ್ಪಿನಲ್ಲಿ ಕೋಳಿಯದೂ ಇತ್ತು ಎಂಬುದನ್ನೂ ಉಳಿಸಿಕೊಳ್ಳಲಿಲ್ಲ. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು.

ಸರ್ವಮಂಗಳಮ್ಮ ಮಂಚದ ತುದಿಯಲ್ಲಿ ಕೂತು ಕೇಳಿದರು. ಚನ್ನೇಶಂದೇ ತಾನೇ ಎಂದು ಕೇಳಿದರು. ಹೌದು ಎಂದಳು. ಮೊದಲು ಆ ಪ್ರಶ್ನೆಯೇ ಬಂತಲ್ಲ ಎಂದು ಅವಳಿಗೆ ಚುಚ್ಚಿದಂತಾಯಿತು. ಯಾರವಳು ಎಂದು ಕೇಳಿದರು. ಗೊತ್ತಿಲ್ಲ, ಕ್ಲಿನಿಕ್ಕಿನವರು ಹೇಳುವುದಿಲ್ಲ, ಇಪ್ಪತ್ತಾರು ವರ್ಷವಂತೆ, ಒಂದು ಮಗುವಿದೆಯಂತೆ ಎಂದಳು. ಆಮೇಲೆ ಅತ್ತೆ ಕೇಳಿದ್ದನ್ನು ಮಾತ್ರ ದೀಪಿಕಾ ಎಣಿಸಿಯೇ ಇರಲಿಲ್ಲ.

“ತೆಗೆಯೋವಾಗ ಅವಳಿಗೆ ನೋವಾಯ್ತಂತಾ?”

ಎಂಟು ತಿಂಗಳಲ್ಲಿ ದೀಪಿಕಾ ಆ ಹಾಳೆಯನ್ನು ನೂರು ಸಲ ಓದಿದ್ದಳು. ವಯಸ್ಸು, ಎತ್ತರ, ರಕ್ತದ ಗುಂಪು ಬಾಯಿಪಾಠವಾಗಿತ್ತು. ಆ ಹುಡುಗಿಗೂ ಸೂಜಿ ಚುಚ್ಚಿರುತ್ತಾರೆ, ಅವಳಿಗೂ ಗಂಟು ಕಟ್ಟಿರುತ್ತದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಕೇಳಲಿಲ್ಲ ಅತ್ತೆ ಎಂದಳು, ನಾಚಿಕೆಯಾಯಿತು. ಸರ್ವಮಂಗಳಮ್ಮ ಎದ್ದು, ಎಲೆಯನ್ನು ಮಡಿಚಿ ತೆಗೆದುಕೊಂಡು ಹಿತ್ತಲಿಗೆ ಹೋದರು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.

ಸಂಜೆ ಚನ್ನೇಶನಿಗೆ ವಿಷಯ ತಿಳಿದಾಗ ಅವನು ಅಮ್ಮನ ಹತ್ತಿರ ಮಾತಾಡಲು ಹೋದ. ಈಗ ಬೇಡ ಎಂದು ಕಳಿಸಿಬಿಟ್ಟರು.

ಆಮೇಲಿನ ದಿನಗಳನ್ನು ದೀಪಿಕಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ಅತ್ತೆ ಮಾತು ಬಿಟ್ಟಿರಲಿಲ್ಲ. ಮಾತ್ರೆ ತಗೊಂಡ್ಯಾ ಎನ್ನುತ್ತಿದ್ದರು, ಸಾರಿಗೆ ಉಪ್ಪು ಸಾಕಾ ಎನ್ನುತ್ತಿದ್ದರು, ಸಂಜೆ ಕಲ್ಲುಪ್ಪಿನ ಗಂಟು ಹಿಡಿದು ಬರುತ್ತಿದ್ದರು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದರು. ದೀಪಿಕಾಳ ತಲೆಯಂತೂ ಕೆಟ್ಟುಹೋಗಿತ್ತು. ಗಂಟು ಬಿಸಿಯಿದ್ದರೆ ಸಿಟ್ಟಿನಲ್ಲಿ ಹುರಿದಿದ್ದಾರೆ ಅನ್ನಿಸುವುದು, ಬೆಚ್ಚಗಿದ್ದರೆ ಮನಸ್ಸಿಲ್ಲದೆ ಹುರಿದಿದ್ದಾರೆ ಅನ್ನಿಸುವುದು. ಪಾಪ, ಉಪ್ಪಿಗೇನು ಗೊತ್ತು.

ಬುಧವಾರ ಬೆಳಿಗ್ಗೆ ಸರ್ವಮಂಗಳಮ್ಮ ಯಾರಿಗೂ ಕಾರಣ ಹೇಳದೆ, ಒಬ್ಬರೇ ಬಸ್ಸು ಹತ್ತಿ ಕೋರಕ್ಕೆ ಹೋದರು. ಇಂಜೆಕ್ಷನ್ನಿನ ಹೊತ್ತಿಗೆ ವಾಪಸು ಬಂದರು. ಬ್ಯಾಗಿನಿಂದ ಅವರೇಕಾಯಿ ಸುರಿದು, ಬಿಡಿಸುತ್ತಾ ಕೂತು, ಯಾರನ್ನೂ ನೋಡದೆ ಹೇಳಿದರು. ಕಾಂತೇಶನ ಮಗಳು ಸಿಂಚನಾ ಎಲ್‌ಕೆಜಿಗೆ ಹೋಗುತ್ತಿದೆಯಂತೆ. ಬಸ್‌ಸ್ಟಾಪಿನವರೆಗೂ ಇವರ ಬ್ಯಾಗನ್ನು ತಾನೇ ಎಳೆದುಕೊಂಡು ಬಂತಂತೆ. ಬಸ್ಸು ಹೊರಟಾಗ ಅಜ್ಜಿ ಮತ್ತೆ ಬಾ ಎಂದು ಅತ್ತಿತಂತೆ. ಇಷ್ಟು ಹೇಳಿ, ಹುಳುಕು ಕಾಳನ್ನು ಬೇರೆ ಮಾಡತೊಡಗಿದರು. ಚನ್ನೇಶ ಹೆಂಡತಿಯ ಮುಖ ನೋಡಿದ. ಅದರಿಂದ ಏನು ತಿಳಿಯಬೇಕೋ ದೀಪಿಕಾಗೆ ಗೊತ್ತಾಗಲಿಲ್ಲ. ಗೊತ್ತಾಗಿದೆ ಎಂದುಕೊಳ್ಳಲು ಧೈರ್ಯವೂ ಬರಲಿಲ್ಲ.

ಹನ್ನೆರಡನೆಯ ದಿನ, ಶನಿವಾರ, ಬೆಳಿಗ್ಗೆ ಹೋಗಿ ರಕ್ತ ಕೊಟ್ಟು ಬಂದರು. ಚನ್ನೇಶ ಅಂದು ರಜೆ ಹಾಕಿದ್ದ. ಮಧ್ಯಾಹ್ನ ಎರಡಕ್ಕೆ ಡಾಕ್ಟರಮ್ಮನ ಫೋನು ಬಂದಾಗ ಮೂವರೂ ನಡುಮನೆಯಲ್ಲಿದ್ದರು. ಚನ್ನೇಶನೇ ಅದನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟ.

ಕಚ್ಚಿರಲಿಲ್ಲ.

ಡಾಕ್ಟರಮ್ಮ ನಿಧಾನವಾಗಿಯೇ ಹೇಳಿದರು. ಇದು ಯಾರ ತಪ್ಪೂ ಅಲ್ಲ, ಮೆಟ್ಟಿಲು ಹತ್ತಿದ್ದರಿಂದಾಗಲೀ ಏನೋ ತಿಂದದ್ದರಿಂದಾಗಲೀ ಬಿಟ್ಟದ್ದರಿಂದಾಗಲೀ ಆದದ್ದಲ್ಲ. ಔಷಧಿಗಳು ಜಾಗವನ್ನು ಅಣಿಮಾಡಬಲ್ಲವು, ಹಿಡಿದು ಕೂರಿಸಲಾರವು. ಮಾತ್ರೆ, ಇಂಜೆಕ್ಷನ್ನು ಎಲ್ಲವನ್ನೂ ಇವತ್ತಿನಿಂದ ನಿಲ್ಲಿಸಿ, ನಾಲ್ಕೈದು ದಿನದಲ್ಲಿ ಮುಟ್ಟಾಗುತ್ತದೆ. ಅದೇ ದಾನಿಯಿಂದ ಆದ ಇನ್ನೆರಡು ಪಿಂಡಗಳು ಇಲ್ಲಿ ಶೀತಲಪೆಟ್ಟಿಗೆಯಲ್ಲಿ ಭದ್ರವಾಗಿವೆ, ಎರಡು ತಿಂಗಳು ಬಿಟ್ಟು ಮತ್ತೆ ಪ್ರಯತ್ನ ಮಾಡಬಹುದು, ನೀವು ಯೋಚಿಸಿ ಹೇಳಿ. ಚನ್ನೇಶ ಹೂಂ ಹೂಂ ಎನ್ನುತ್ತಿದ್ದ. ದೀಪಿಕಾ ಅಳಲಿಲ್ಲ. ಅವಳು ಕಾಯುತ್ತಿದ್ದದ್ದು ಬೇರೆ ಮಾತಿಗೆ. ಹೋಗಲಿ ಬಿಡು, ಎಷ್ಟಾದರೂ ನಮ್ಮದಲ್ಲವಲ್ಲ ಎಂದು ಅತ್ತೆ ಈಗ ಅನ್ನುತ್ತಾರೆ, ಸಮಾಧಾನ ಮಾಡಲೆಂದೇ ಅನ್ನುತ್ತಾರೆ, ಅಂದರೆ ಎಲ್ಲ ಮುಗಿಯಿತು. ಆಮೇಲೆ ಆ ಎರಡನ್ನು ತರಲು ತನ್ನ ಕಾಲು ಏಳುವುದಿಲ್ಲ.

ಸರ್ವಮಂಗಳಮ್ಮ ಕುರ್ಚಿಯಿಂದ ಎದ್ದು, ಟೀಪಾಯಿಯ ಹತ್ತಿರ ಬಂದು, ಫೋನಿನ ಮೇಲೆ ಬಾಗಿದರು. ಸ್ಪೀಕರಿನಲ್ಲಿ ಮಾತಾಡಿ ಅಭ್ಯಾಸವಿಲ್ಲದ್ದರಿಂದ ದನಿ ಸ್ವಲ್ಪ ದೊಡ್ಡದಾಗಿಯೇ ಬಂತು.

“ಡಾಕ್ಟ್ರಮ್ಮ, ನಾನು ಚನ್ನೇಶನ ತಾಯಿ. ಪೆಟ್ಟಿಗೇಲಿ ಇದಾವೆ ಅಂದ್ರಲ್ಲ ಎರಡು, ಅಷ್ಟು ಚಳೀಲಿ ಇದ್ರೆ ಅವಕ್ಕೆ ಏನೂ ಆಗಲ್ವಾ?”

ಏನೂ ಆಗುವುದಿಲ್ಲ ಅಮ್ಮ, ಹತ್ತು ವರ್ಷದವರೆಗೂ ಇಡಬಹುದು ಎಂದರು ಡಾಕ್ಟರಮ್ಮ.

“ಹತ್ತು ವರ್ಷ ಯಾಕಿಡ್ತೀರಿ? ಇವಳು ಒಂದೆರಡು ತಿಂಗಳು ಸುಧಾರಿಸ್ಕೊಳ್ಲಿ, ನಾನೇ ಜೊತೇಲಿ ಬಂದು ಕರ್ಕೊಂಡ್ ಬರ್ತೀನಿ. ಅಲ್ಲೀವರ್ಗೂ ನಮ್ಮ ಮಕ್ಕಳನ್ನ ಸ್ವಲ್ಪ ಜೋಪಾನವಾಗಿ ನೋಡ್ಕೊಳಿ.”

ರಿಪೋರ್ಟು ಕೇಳಿ ಅಳದಿದ್ದ ದೀಪಿಕಾ ಆಗ ಅತ್ತಳು.